ಲಡಾಖ್ ಸುತ್ತುವುದು ಹೇಗೆ? ಎತ್ತರ ನೋಡಿ ದಿನ ಜೋಡಿಸಿ

ಲಡಾಖ್‌ಗೆ ಹೋಗಬೇಕು ಅಂದುಕೊಂಡವರು ಮೊದಲು ಮಾಡುವ ಕೆಲಸ ಮ್ಯಾಪ್ ತೆಗೆಯುವುದು. ಲೇಹ್‌ನಿಂದ ಪ್ಯಾಂಗಾಂಗ್ ಸರೋವರ ಎಷ್ಟು ದೂರ, ನುಬ್ರಾ ಕಣಿವೆಗೆ ಎಷ್ಟು ಗಂಟೆ ಅಂತ ನೋಡಿ, ಐದು ದಿನದೊಳಗೆ ಎಲ್ಲವನ್ನೂ ತುರುಕುತ್ತಾರೆ. ಎಷ್ಟೋ ಟೂರ್ ಪ್ಯಾಕೇಜ್‌ಗಳೂ ಹಾಗೇ ಇರುತ್ತವೆ. ಕಿಲೋಮೀಟರ್ ಲೆಕ್ಕದಲ್ಲಿ ಅದು ಸರಿಯಾಗಿಯೇ ಕಾಣುತ್ತದೆ. ದೇಹದ ಲೆಕ್ಕ ಬೇರೆ.

ಲೇಹ್ ಊರು ಇರುವುದೇ ಸುಮಾರು 3,500 ಮೀಟರ್ ಎತ್ತರದಲ್ಲಿ. ಬೆಂಗಳೂರು 900 ಮೀಟರ್ ಚಿಲ್ಲರೆ. ದೆಹಲಿ, ಮಂಗಳೂರು ಅದಕ್ಕಿಂತಲೂ ಎಷ್ಟೋ ಕೆಳಗೆ. ವಿಮಾನ ಹತ್ತಿದವರು ತಿಂಡಿ ತಿಂದು ಮುಗಿಸುವಷ್ಟರಲ್ಲಿ ಅಷ್ಟು ಮೇಲೆ ಹೋಗಿ ಇಳಿದಿರುತ್ತಾರೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟೇ. ಅಂದರೆ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟು ಕಡಿಮೆ. ಹಾಗಾಗಿ ಇಲ್ಲಿ ಜಾಗಗಳನ್ನು ಹೆಸರು ಮಾಡಿದ ಕ್ರಮದಲ್ಲಿ ಹೇಳುತ್ತಿಲ್ಲ, ದೇಹ ಒಗ್ಗುವ ಕ್ರಮದಲ್ಲಿ ಹೇಳುತ್ತೇನೆ. ಎಂಟೊಂಬತ್ತು ದಿನ ಇದ್ದರೆ ಒಳ್ಳೆಯದು. ಐದೇ ದಿನ ರಜೆ ಸಿಕ್ಕಿದೆ ಅಂದರೆ ಪ್ಯಾಂಗಾಂಗ್ ಬಿಟ್ಟುಬಿಡಿ. ಉಳಿದದ್ದೇ ಬೇಕಾದಷ್ಟಿದೆ.

ಹೊರಡುವ ಮೊದಲು: ತಿಂಗಳು, ದಾರಿ, ಕಾಗದ

ಲಡಾಖ್ ಹಿಮಾಲಯದ ಮಳೆ ನೆರಳಿನಲ್ಲಿದೆ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 100 ಮಿ.ಮೀ. ಮಳೆ ಅಷ್ಟೆ. ಅದಕ್ಕೇ ಜುಲೈ, ಆಗಸ್ಟ್‌ನಲ್ಲಿ ದೇಶದ ಬೇರೆ ಕಡೆ ಮಳೆ ಸುರಿಯುವಾಗ ಇಲ್ಲಿ ಸೀಸನ್. ಆದರೆ ಮಳೆಯೇ ಬರೋದಿಲ್ಲ ಅಂತ ನಂಬಿಕೊಂಡು ಹೋಗಬೇಡಿ. 2010ರ ಆಗಸ್ಟ್‌ನಲ್ಲಿ ಲೇಹ್ ಸುತ್ತ ಮೇಘಸ್ಫೋಟವಾಗಿ ನೂರಾರು ಜನ ಸತ್ತರು. ಮಣ್ಣಿನ ಬೆಟ್ಟಗಳು, ಮರಗಿಡ ಇಲ್ಲ. ನೀರು ಬಿದ್ದರೆ ನೇರವಾಗಿ ಕೆಸರಾಗಿ ಇಳಿಯುತ್ತದೆ. ಮಳೆ ಮುನ್ಸೂಚನೆ ಇದ್ದರೆ ಹಳ್ಳದ ಪಕ್ಕ, ಒಣಗಿದ ತೊರೆಯ ಪಾತ್ರದಲ್ಲಿ ಟೆಂಟ್ ಹಾಕಬೇಡಿ.

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಚೆನ್ನ. ಜನ ಕಡಿಮೆ, ತೊರೆಗಳಲ್ಲಿ ನೀರು ಇಳಿದಿರುತ್ತದೆ, ಆಕಾಶ ಸ್ವಚ್ಛ, ಹೊಲಗಳಲ್ಲಿ ಬಾರ್ಲಿ ಕೊಯ್ಲು. ತಿಂಗಳ ಕೊನೆಗೆ ಪಾಪ್ಲರ್ ಮರಗಳು ಹಳದಿಗೆ ತಿರುಗತೊಡಗುತ್ತವೆ. ಏಪ್ರಿಲ್‌ನಲ್ಲಿ ಏಪ್ರಿಕಾಟ್ ಮರಗಳು ಹೂ ಬಿಡುತ್ತವೆ. ಆಗ ಬೆಟ್ಟ ದಾಟುವ ಎತ್ತರದ ಪಾಸ್‌ಗಳಲ್ಲಿ (ಹೆಸರಿನ ಕೊನೆಯ 'ಲಾ' ಅಂದರೆ ಇದೇ) ಹಿಮ ಇನ್ನೂ ಇರುತ್ತದೆ, ಕೆಳಗಿನ ಹಳ್ಳಿಗಳಲ್ಲಿ ಮಾತ್ರ ಸುತ್ತಬೇಕು. ಚಳಿಗಾಲದ ಪ್ರವಾಸ ಬೇರೆಯದೇ ವಿಷಯ. ಹಿಮಚಿರತೆ ನೋಡುವವರು, ಹೆಪ್ಪುಗಟ್ಟಿದ ಝಾನ್ಸ್ಕಾರ್ ನದಿಯ ಮೇಲೆ ಚಾದರ್ ಟ್ರೆಕ್ ಮಾಡುವವರು ಹೋಗುತ್ತಾರೆ. ಮೊದಲ ಸಲಕ್ಕೆ ಅದು ಬೇಡ.

ದಾರಿ ಮೂರು. ಒಂದು ವಿಮಾನ. ಇನ್ನೊಂದು ಶ್ರೀನಗರದಿಂದ ಜೋಜಿ ಲಾ, ಕಾರ್ಗಿಲ್ ಮೂಲಕ ಸುಮಾರು 420 ಕಿ.ಮೀ. ರಸ್ತೆ. ಮೂರನೆಯದು ಮನಾಲಿಯಿಂದ. ಸಮಯ ಇದ್ದರೆ ಹೋಗುವಾಗ ಶ್ರೀನಗರದ ರಸ್ತೆ ಹಿಡಿಯಿರಿ. ನಡುವೆ ಕಾರ್ಗಿಲ್‌ನಲ್ಲಿ 2,700 ಮೀಟರ್ ಎತ್ತರದಲ್ಲಿ ಒಂದು ರಾತ್ರಿ ಮಲಗಿ, ಮರುದಿನ ಲೇಹ್ ಸೇರಬಹುದು. ದೇಹ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮನಾಲಿ ರಸ್ತೆ ನೋಡಲು ಇನ್ನೂ ಚಂದ. ಆದರೆ ಸರ್ಚು ಹತ್ತಿರ 4,200 ಮೀಟರ್‌ಗಿಂತ ಮೇಲೆ ಟೆಂಟಿನಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. ಕೆಳಗಿನಿಂದ ಬಂದ ಮೊದಲ ರಾತ್ರಿಗೇ ಅಷ್ಟು ಎತ್ತರ ಅಂದರೆ ತಲೆನೋವು ಖಾತ್ರಿ ಅನ್ನಬಹುದು. ಆ ರಸ್ತೆಯನ್ನು ವಾಪಸ್ ಬರುವಾಗ ಇಟ್ಟುಕೊಳ್ಳಿ. ಎರಡೂ ರಸ್ತೆಗಳು ಹಿಮ ಬಿದ್ದಾಗ ಮುಚ್ಚುತ್ತವೆ.

ಕಾಗದಪತ್ರ. ನುಬ್ರಾ, ಪ್ಯಾಂಗಾಂಗ್, ತ್ಸೋ ಮೊರಿರಿ, ಹಾನ್ಲೆ ಇವೆಲ್ಲ ಗಡಿ ಪ್ರದೇಶಗಳು. ದಾರಿಯಲ್ಲಿ ಚೆಕ್‌ಪೋಸ್ಟ್‌ಗಳಿವೆ. ಪರ್ಮಿಟ್ ಮತ್ತು ಪರಿಸರ ಶುಲ್ಕದ ನಿಯಮಗಳು ಆಗಾಗ ಬದಲಾಗಿವೆ, ಆದ್ದರಿಂದ ಹೊರಡುವ ವಾರ ಲೇಹ್ ಆಡಳಿತದ ವೆಬ್‌ಸೈಟ್ ನೋಡಿ, ಆನ್‌ಲೈನ್‌ನಲ್ಲೇ ಕಟ್ಟಿ ಪ್ರಿಂಟ್ ತೆಗೆದುಕೊಳ್ಳಿ. ಆಧಾರ್ ಅಥವಾ ಬೇರೆ ಗುರುತಿನ ಚೀಟಿಯ ಮೂಲಪ್ರತಿ ಜೊತೆಗಿರಲಿ. ಜೆರಾಕ್ಸ್ ನಾಲ್ಕೈದು ಇರಲಿ, ಚೆಕ್‌ಪೋಸ್ಟ್‌ನಲ್ಲಿ ಒಂದೊಂದು ಇಸಿದುಕೊಳ್ಳುತ್ತಾರೆ. ಅಮೆರಿಕದ ಅಕ್ಕನ ಮಕ್ಕಳು ಜೊತೆಗೆ ಬರುತ್ತಿದ್ದಾರೆ, ಅವರದ್ದು ವಿದೇಶಿ ಪಾಸ್‌ಪೋರ್ಟ್ ಅಂದರೆ ಅವರ ಪರ್ಮಿಟ್ ಬೇರೆ. ಅದನ್ನು ಲೇಹ್‌ನ ನೋಂದಾಯಿತ ಟ್ರಾವೆಲ್ ಏಜೆಂಟ್ ಮೂಲಕ ಮಾಡಿಸಬೇಕು.

ಫೋನ್ ವಿಷಯ ಎಲ್ಲರೂ ಮರೆಯುತ್ತಾರೆ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ಗುಂಪಿನಲ್ಲಿ ಕನಿಷ್ಠ ಇಬ್ಬರ ಹತ್ತಿರ ಬೇರೆ ಬೇರೆ ಕಂಪನಿಯ ಪೋಸ್ಟ್‌ಪೇಯ್ಡ್ ಇರಲಿ. ಲೇಹ್ ಬಿಟ್ಟು ಹೊರಗೆ ಹೋದರೆ ಅದೂ ಬಂದಷ್ಟು ಬಂತು. ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಸಾಕಷ್ಟು ನಗದು ಇಟ್ಟುಕೊಳ್ಳಿ. ಸಿಗ್ನಲ್ ಇಲ್ಲದ ಊರಿನಲ್ಲಿ ಫೋನ್‌ಪೇ ಯಾವ ಕೆಲಸಕ್ಕೂ ಬರೋದಿಲ್ಲ ಅಲ್ವಾ?

ಒಂದು, ಎರಡನೇ ದಿನ: ಏನೂ ಮಾಡಬೇಡಿ

ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಇಳಿಯುತ್ತವೆ, ಇಡೀ ದಿನ ಮುಂದಿದೆ, ಮೈಯಲ್ಲಿ ಉತ್ಸಾಹ ಜಾಸ್ತಿ. ಮೊದಲ ಕೆಲವು ಗಂಟೆ ಏನೂ ಅನ್ನಿಸುವುದಿಲ್ಲ, ಅದೇ ಮೋಸ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಬಿಟ್ಟು ಕಾಣಿಸಿಕೊಳ್ಳುತ್ತದೆ. ಸಂಜೆ ತಲೆ ಹಿಡಿದುಕೊಂಡು ಕೂರುವವರಲ್ಲಿ ಬೆಳಿಗ್ಗೆ ಬ್ಯಾಗ್ ಹೊತ್ತು ಮೂರು ಮಹಡಿ ಓಡಿ ಹತ್ತಿದವರೇ ಜಾಸ್ತಿ.

ಮೊದಲ ದಿನ ರೂಮಿಗೆ ಹೋಗಿ ಮಲಗಿ ಅಥವಾ ಸುಮ್ನೆ ಬಿಸಿಲಲ್ಲಿ ಕೂತುಕೊಳ್ಳಿ. ಬಿಸಿ ಸೂಪ್, ತುಕ್ಪಾ ಅನ್ನುವ ನೂಡಲ್ಸ್ ಸೂಪ್, ಅನ್ನ ಸಾರು, ಏನು ಹಿಡಿಸುತ್ತದೋ ಅದನ್ನು ಸ್ವಲ್ಪ ಸ್ವಲ್ಪ ತಿನ್ನಿ. ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿಯುತ್ತಾ ಇರಿ. ಮದ್ಯ ಬೇಡ. ನಿದ್ದೆ ಮಾತ್ರೆಯೂ ಬೇಡ, ಎರಡೂ ಉಸಿರಾಟವನ್ನು ನಿಧಾನ ಮಾಡುತ್ತವೆ. ರಾತ್ರಿ ನಿದ್ದೆ ತುಂಡು ತುಂಡಾಗುವುದು ಸಹಜ, ಗಾಬರಿಯಾಗಬೇಡಿ.

ಎರಡನೇ ದಿನ ಊರೊಳಗೇ ನಿಧಾನವಾಗಿ ನಡೆಯಿರಿ. ಮೇನ್ ಬಜಾರಿಗೆ ವಾಹನ ಬಿಡುವುದಿಲ್ಲ, ಕಟ್ಟೆಗಳ ಮೇಲೆ ಕೂತುಕೊಳ್ಳಬಹುದು. ಸುತ್ತಲಿನ ಹಳ್ಳಿಯ ಹೆಂಗಸರು ಸಾಲಾಗಿ ಕೂತು ಸೊಪ್ಪು, ಮೂಲಂಗಿ, ಒಣ ಏಪ್ರಿಕಾಟ್ ಮಾರುತ್ತಾರೆ. ಮೊದಲು "ಜೂಲೇ" (ಅಲ್ಲಿನ ನಮಸ್ಕಾರ) ಅಂತ ಹೇಳಿ, ಆಮೇಲೆ ರೇಟ್ ಕೇಳಿ. ಹಳೇ ಊರಿನ ಬೇಕರಿಗಳಲ್ಲಿ ಬೆಳಿಗ್ಗೆ ಮಣ್ಣಿನ ಒಲೆಯಿಂದ ತೆಗೆದ ಬಿಸಿ ರೊಟ್ಟಿ ಸಿಗುತ್ತದೆ. ಸಂಜೆ ಮೈ ಹಗುರ ಅನ್ನಿಸಿದರೆ ಲೇಹ್ ಅರಮನೆ ನೋಡಿ. ಒಂಬತ್ತು ಅಂತಸ್ತಿನ ಈ ಕಟ್ಟಡವನ್ನು 17ನೇ ಶತಮಾನದಲ್ಲಿ ಸೆಂಗೆ ನಮ್ಗ್ಯಾಲ್ ರಾಜ ಕಟ್ಟಿಸಿದ. ಒಳಗೆ ಕಡಿದಾದ ಮೆಟ್ಟಿಲು, ಕತ್ತಲೆ ಮೂಲೆಗಳು. ನೋಡಬೇಕಾದದ್ದು ಮೇಲಿನಿಂದ ಕಾಣುವ ಊರು. ಮಣ್ಣಿನ ಬಣ್ಣದ ಬೆಟ್ಟಗಳ ನಡುವೆ ನೀರು ಹರಿಯುವ ಕಡೆ ಮಾತ್ರ ಹಸಿರು. ಶಾಂತಿ ಸ್ತೂಪಕ್ಕೆ ಐನೂರರಷ್ಟು ಮೆಟ್ಟಿಲುಗಳಿವೆ. ಹತ್ತಲು ಅವಸರ ಬೇಡ. ಟ್ಯಾಕ್ಸಿ ಮೇಲಿನವರೆಗೂ ಹೋಗುತ್ತದೆ, ಎರಡನೇ ದಿನಕ್ಕೆ ಅದೇ ಸರಿ.

ಈಗ ಕಾಯಿಲೆಯ ಮಾತು. ತಲೆನೋವಿನ ಜೊತೆಗೆ ವಾಕರಿಕೆ, ಹಸಿವಿಲ್ಲದಿರುವುದು, ಸುಸ್ತು, ತಲೆಸುತ್ತು ಇದ್ದರೆ ಎತ್ತರದ ಕಾಯಿಲೆ ಶುರುವಾಗಿದೆ ಅಂದುಕೊಳ್ಳಿ. ಅಲ್ಲೇ ನಿಲ್ಲಿ, ಇನ್ನೂ ಮೇಲೆ ಹೋಗಬೇಡಿ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಎದೆಯಲ್ಲಿ ಗುಳುಗುಳು ಸದ್ದು ಬಂದರೆ ಶ್ವಾಸಕೋಶಕ್ಕೆ ನೀರು ಸೇರುತ್ತಿರಬಹುದು. ಮಾತು ತೊದಲಿದರೆ, ಗೊಂದಲವಾದರೆ, ನೇರ ಗೆರೆಯಲ್ಲಿ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯಲು ಆಗದಿದ್ದರೆ ಮೆದುಳಿಗೆ ಊತ. ಎರಡೂ ಜೀವಕ್ಕೆ ಅಪಾಯ. ರಾತ್ರಿಯಾಗಿದ್ದರೂ ಕಾಯದೆ ಕೆಳಗಿಳಿಸಿ, ಆಸ್ಪತ್ರೆ ಸೇರಿಸಿ. ಲೇಹ್‌ನಲ್ಲಿ ಎಸ್‌ಎನ್‌ಎಂ ಸರ್ಕಾರಿ ಆಸ್ಪತ್ರೆ ಇದೆ, ಈ ಕಾಯಿಲೆ ಅಲ್ಲಿನವರಿಗೆ ಹೊಸದೇನಲ್ಲ.

ಅಸಿಟಜೋಲಮೈಡ್ ಮಾತ್ರೆಯನ್ನು ಹೊರಡುವ ಹಿಂದಿನ ದಿನದಿಂದ ಶುರು ಮಾಡುವವರಿದ್ದಾರೆ. ಡಯಮಾಕ್ಸ್ ಅಂದರೆ ಮೆಡಿಕಲ್ ಶಾಪ್‌ನವರಿಗೆ ಗೊತ್ತಾಗುತ್ತದೆ. ದೇಹ ಬೇಗ ಒಗ್ಗಲು ಅದು ಸಹಾಯ ಮಾಡುತ್ತದೆ, ನಿಜ. ಆದರೆ ಸಲ್ಫಾ ಅಲರ್ಜಿ ಇದ್ದವರು, ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಹೇಳದೆ ಮುಟ್ಟಬಾರದು. ತೆಗೆದುಕೊಂಡರೆ ಮೂತ್ರ ಜಾಸ್ತಿ ಆಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಹೃದಯದ ತೊಂದರೆ, ಆಸ್ತಮಾ, ಬಿಪಿ ಇರುವವರು, ಗರ್ಭಿಣಿಯರು, ಪುಟ್ಟ ಮಕ್ಕಳಿರುವವರು ಟಿಕೆಟ್ ಮಾಡುವ ಮೊದಲೇ ಡಾಕ್ಟರನ್ನು ಕೇಳಬೇಕು. ಇನ್ನು ಕರ್ಪೂರ. ನಮ್ಮ ಕಡೆಯ ಬಸ್ಸುಗಳಲ್ಲಿ ಎಲ್ಲರ ಕರವಸ್ತ್ರದಲ್ಲೂ ಒಂದೊಂದು ಗಂಟು! ಮೂಸಿದರೆ ಮೂಗು ಬಿಟ್ಟಂತೆ ಅನ್ನಿಸುತ್ತದೆ, ರಕ್ತಕ್ಕೆ ಹೋಗುವ ಆಮ್ಲಜನಕ ಎಳ್ಳಷ್ಟೂ ಏರುವುದಿಲ್ಲ. ಮಕ್ಕಳು ನುಂಗಿದರೆ ಅದು ವಿಷ. ಅಂಗಡಿಯ ಪುಟ್ಟ ಆಕ್ಸಿಜನ್ ಕ್ಯಾನ್ ಕೂಡ ಕೆಲವು ನಿಮಿಷದ ಸಮಾಧಾನ ಮಾತ್ರ, ಅದನ್ನು ನಂಬಿ ಮೇಲೇರಬೇಡಿ.

ಮೂರು, ನಾಲ್ಕನೇ ದಿನ: ಸಿಂಧೂ ನದಿಯ ಉದ್ದಕ್ಕೂ

ಎಲ್ಲರೂ ನುಬ್ರಾಗೆ ಓಡುವ ದಿನ ನೀವು ಪಶ್ಚಿಮಕ್ಕೆ, ಶ್ರೀನಗರದ ರಸ್ತೆಯ ಕಡೆಗೆ ತಿರುಗಿ. ಇದನ್ನು ಶಾಮ್ ಪ್ರದೇಶ ಅನ್ನುತ್ತಾರೆ. ಸಿಂಧೂ ನದಿ ಹರಿದುಹೋಗುವ ದಿಕ್ಕು ಇದೇ, ಹಾಗಾಗಿ ನದಿಯ ಪಕ್ಕ ಮುಂದೆ ಹೋದಷ್ಟೂ ಎತ್ತರ ಕಡಿಮೆ. ಆಲ್ಚಿ 3,100 ಮೀಟರ್ ಆಸುಪಾಸು. ಲೇಹ್‌ಗಿಂತ ಕೆಳಗೆ ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಮುಂದಿನ ದಿನಗಳು ಸಲೀಸು.

ದಾರಿಯಲ್ಲಿ ಮ್ಯಾಗ್ನೆಟಿಕ್ ಹಿಲ್ ಬರುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿದ್ದರೂ ಏರಿನ ಕಡೆ ಚಲಿಸಿದಂತೆ ಕಾಣುತ್ತದೆ. ಅಯಸ್ಕಾಂತ ಏನೂ ಇಲ್ಲ, ಸುತ್ತಲಿನ ಇಳಿಜಾರು ಕಣ್ಣಿಗೆ ಮಾಡುವ ಮೋಸ. ಹತ್ತು ನಿಮಿಷ ಸಾಕು. ಹತ್ತಿರದ ಪತ್ಥರ್ ಸಾಹಿಬ್ ಗುರುದ್ವಾರದಲ್ಲಿ ಚಹಾ ಕುಡಿದು ಮುಂದೆ ಹೋಗಿ. ನಿಮೂ ಹಳ್ಳಿಯ ಬಳಿ ಝಾನ್ಸ್ಕಾರ್ ನದಿ ಸಿಂಧೂವಿಗೆ ಸೇರುತ್ತದೆ. ಎರಡು ಬಣ್ಣದ ನೀರು ಸ್ವಲ್ಪ ದೂರ ಬೇರೆ ಬೇರೆಯಾಗಿಯೇ ಹರಿಯುವುದು ರಸ್ತೆಯ ಮೇಲಿನಿಂದಲೇ ಕಾಣುತ್ತದೆ. ಬೇಸಿಗೆಯಲ್ಲಿ ಇಲ್ಲಿ ರಾಫ್ಟಿಂಗ್ ಇದೆ. ಫೇ ಕಡೆಯಿಂದ ಸಿಂಧೂವಿನಲ್ಲಿ ಬರುವುದು ಹೊಸಬರಿಗೆ, ಚಿಲ್ಲಿಂಗ್‌ನಿಂದ ಝಾನ್ಸ್ಕಾರ್‌ನಲ್ಲಿ ಬರುವುದು ಸ್ವಲ್ಪ ಎದೆಗಾರಿಕೆ ಇದ್ದವರಿಗೆ. ನೀರು ಹಿಮ ಕರಗಿ ಬಂದದ್ದು, ವೆಟ್‌ಸೂಟ್ ಕೊಡದ ಕಡೆ ಇಳಿಯಬೇಡಿ.

ಆಲ್ಚಿಗೆ ಸಮಯ ಇಟ್ಟುಕೊಳ್ಳಿ. ಲಡಾಖ್‌ನ ಗೊಂಪಾಗಳು, ಅಂದರೆ ಬೌದ್ಧ ಮಠಗಳು, ಸಾಮಾನ್ಯವಾಗಿ ಗುಡ್ಡದ ತುದಿಯಲ್ಲಿರುತ್ತವೆ. ಇದು ನದಿಯ ಪಕ್ಕ ಸಮತಟ್ಟು ಜಾಗದಲ್ಲಿದೆ. ಹೊರಗಿನಿಂದ ನೋಡಿದರೆ ಹಳೇ ಮಣ್ಣಿನ ಮನೆಗಳ ಗುಂಪು ಅನ್ನಿಸುತ್ತದೆ. ಒಳಗೆ ಸುಮಾರು 11ರಿಂದ 13ನೇ ಶತಮಾನದ ನಡುವಿನ ಗೋಡೆ ಚಿತ್ರಗಳಿವೆ. ಆ ಕಾಲದ ಕಾಶ್ಮೀರಿ ಕಲೆಯ ಕೈಚಳಕ ಇಷ್ಟು ಚೆನ್ನಾಗಿ ಉಳಿದಿರುವ ಜಾಗ ಬಹಳ ಕಡಿಮೆ. ಸುಮ್ಟ್‌ಸೆಕ್ ಅನ್ನುವ ಮೂರು ಅಂತಸ್ತಿನ ಗುಡಿಯಲ್ಲಿ ಮೂವರು ಬೋಧಿಸತ್ವರ ಮೂರ್ತಿಗಳು ನಿಂತಿವೆ. ತಲೆ ಮೇಲಿನ ಅಂತಸ್ತಿಗೆ ತೂರಿಹೋಗುವಷ್ಟು ಎತ್ತರ. ಅವರಲ್ಲೊಬ್ಬನಾದ ಅವಲೋಕಿತೇಶ್ವರನ ಪಂಚೆಯ ಮೇಲೆ ಊರು, ಗುಡಿ, ಅರಮನೆ, ಕುದುರೆ ಸವಾರರನ್ನು ಬಿಡಿಸಿದ್ದಾರೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾಯಿರಿ. ಒಳಗೆ ಫೋಟೋ ತೆಗೆಯುವಂತಿಲ್ಲ, ಅದರಿಂದ ನೋಡುವುದಕ್ಕೇ ಸಮಯ ಸಿಗುತ್ತದೆ.

ಮರುದಿನ ಇನ್ನೂ ಮುಂದೆ ಲಾಮಾಯುರು. ಲೇಹ್‌ನಿಂದ ಸುಮಾರು 125 ಕಿ.ಮೀ. ಗೊಂಪಾ ಪಕ್ಕದಲ್ಲೇ ಹಳದಿ ಮಣ್ಣಿನ ಮಡಿಕೆಗಳು ಕಾಣುತ್ತವೆ, ಪ್ರವಾಸಿಗಳು ಮೂನ್‌ಲ್ಯಾಂಡ್ ಅಂತಾರೆ. ಹಿಂದೆ ಅಲ್ಲಿ ಸರೋವರ ಇತ್ತು. ಅದು ಬತ್ತಿದ ಮೇಲೆ ತಳದ ಹೂಳನ್ನು ಗಾಳಿ ನೀರು ಕೊರೆದು ಹೀಗಾಗಿದೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ. ಮಧ್ಯಾಹ್ನ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ.

ನಡೆಯುವ ಆಸೆ ಇದ್ದವರಿಗೆ ಇದೇ ಭಾಗದಲ್ಲಿ ಶಾಮ್ ಟ್ರೆಕ್ ಇದೆ. ಲಿಕಿರ್‌ನಿಂದ ಯಾಂಗ್‌ತಾಂಗ್, ಅಲ್ಲಿಂದ ಹೆಮಿಸ್ ಶುಕ್ಪಾಚನ್, ಕೊನೆಗೆ ತೆಮಿಸ್‌ಗಾಮ್. ಮೂರು ದಿನ, ಪ್ರತಿ ರಾತ್ರಿ ಹಳ್ಳಿಯ ಮನೆಯಲ್ಲಿ ಹೋಮ್‌ಸ್ಟೇ. ದಾರಿಯ ಪಾಸ್‌ಗಳು 4,000 ಮೀಟರ್ ದಾಟುವುದಿಲ್ಲ. ಟೆಂಟ್ ಹೊರುವ ಕಷ್ಟ ಇಲ್ಲ, ಅಡುಗೆಯ ಚಿಂತೆ ಇಲ್ಲ. ಮನೆಯವರ ಅಡುಗೆಮನೆಯಲ್ಲೇ ಕೂತು ಸ್ಕ್ಯೂ ತಿನ್ನುತ್ತೀರಿ. ಗೋಧಿ ಹಿಟ್ಟಿನ ಪುಟ್ಟ ಉಂಡೆಗಳನ್ನು ತರಕಾರಿ ಜೊತೆ ಬೇಯಿಸಿದ ಗಟ್ಟಿ ಸಾರು ಅದು. ಬಿಸಿಲು ಮಾತ್ರ ಸುಡುತ್ತದೆ, ದಾರಿಯಲ್ಲಿ ನೆರಳೇ ಇಲ್ಲ. ಪ್ಯಾಂಗಾಂಗ್‌ಗೆ ಹೋಗಿ ಬರುವ ಎರಡು ದಿನವನ್ನು ಈ ನಡಿಗೆಗೆ ಕೊಟ್ಟರೆ ನಷ್ಟವಿಲ್ಲ ಅಂತ ನನ್ನ ಅಭಿಪ್ರಾಯ. ಒಪ್ಪದವರು ಬಹಳ ಜನ ಇದ್ದಾರೆ.

ಪೂರ್ವದ ಕಡೆಗೆ ಅರ್ಧ ದಿನ ಸಾಕು: ಶೇ, ಥಿಕ್ಸೆ, ಹೆಮಿಸ್ ಗೊಂಪಾಗಳು. ಮೂರರಲ್ಲಿ ಒಂದನ್ನೇ ನೋಡುವುದಾದರೆ ಥಿಕ್ಸೆ. ಲೇಹ್‌ನಿಂದ ಸುಮಾರು 19 ಕಿ.ಮೀ. ಬೆಳಗಿನ ಪ್ರಾರ್ಥನೆಗೆ ಹೋಗಿ ಮೂಲೆಯಲ್ಲಿ ಸದ್ದಿಲ್ಲದೆ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಪುಟ್ಟ ಲಾಮಾಗಳು ಬೆಣ್ಣೆ ಚಹಾ ಬಗ್ಗಿಸುತ್ತಾ ಓಡಾಡುತ್ತಾರೆ. ಎರಡು ಅಂತಸ್ತಿನಷ್ಟು ಎತ್ತರದ ಮೈತ್ರೇಯ ಬುದ್ಧನ ಮೂರ್ತಿ ಅಲ್ಲೇ ಇದೆ. ಹೆಮಿಸ್ ಉತ್ಸವ ಜೂನ್ ಅಥವಾ ಜುಲೈನಲ್ಲಿ ಬರುತ್ತದೆ, ತಾರೀಕು ಟಿಬೆಟನ್ ಪಂಚಾಂಗದ ಪ್ರಕಾರ ಬದಲಾಗುತ್ತದೆ. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ.

ಸ್ತೂಪ, ಮಣಿ ಕಲ್ಲಿನ (ಮಂತ್ರ ಕೆತ್ತಿದ ಕಲ್ಲು) ಗೋಡೆ ಎದುರಾದರೆ ಅದು ನಿಮ್ಮ ಬಲಗಡೆ ಇರುವಂತೆ ದಾಟಿ. ಪ್ರದಕ್ಷಿಣೆ ಗೊತ್ತಿರುವ ನಮಗೆ ಇದನ್ನು ಬೇರೆ ಹೇಳಬೇಕಿಲ್ಲ. ಆ ಕಲ್ಲುಗಳನ್ನು ನೆನಪಿಗೆ ಅಂತ ಎತ್ತಿಕೊಳ್ಳಬಾರದು.

ಐದು, ಆರನೇ ದಿನ: ನುಬ್ರಾ

ಲೇಹ್‌ನಿಂದ 40 ಕಿ.ಮೀ. ಹತ್ತಿದರೆ ಖರ್ದುಂಗ್ ಲಾ. ಅಲ್ಲಿನ ಬೋರ್ಡ್ 18,380 ಅಡಿ ಅನ್ನುತ್ತಿತ್ತು. ಸರಿಯಾಗಿ ಅಳೆದಾಗ ಬಂದದ್ದು 5,359 ಮೀಟರ್, ಅಂದರೆ ಸುಮಾರು 17,582 ಅಡಿ. ಫೋಟೋಗೆ ಸಾಲು ನಿಲ್ಲುತ್ತಾರೆ, ನಿಲ್ಲಲಿ. ಗಾಳಿಯ ಒತ್ತಡ ಅಲ್ಲಿ ಸಮುದ್ರ ಮಟ್ಟದ ಅರ್ಧದಷ್ಟು. ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಇರಬೇಡಿ. ಓಡಬೇಡಿ, ಹಿಮದಲ್ಲಿ ಕುಣಿಯಬೇಡಿ. ತಲೆ ಭಾರ ಆಯಿತು ಅಂದರೆ ಗಾಡಿ ಹತ್ತಿ ಇಳಿಯಿರಿ. ಇಳಿದಂತೆ ಹಗುರಾಗುತ್ತದೆ.

ಪಾಸ್ ಎಷ್ಟೇ ಎತ್ತರ ಇರಲಿ, ರಾತ್ರಿ ಮಲಗುವ ಜಾಗದ ಎತ್ತರವೇ ಮುಖ್ಯ. ದಿಸ್ಕಿತ್, ಹುಂಡರ್ ಎರಡೂ 3,100 ಮೀಟರ್ ಸುತ್ತಮುತ್ತ, ಲೇಹ್‌ಗಿಂತ ಕೆಳಗೆ. ಅದಕ್ಕೇ ಪ್ಯಾಂಗಾಂಗ್‌ಗಿಂತ ಮೊದಲು ನುಬ್ರಾ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅನ್ನುವುದು ಪರ್ವತಾರೋಹಿಗಳ ಡಾಕ್ಟರುಗಳು ಹೇಳುವ ನಿಯಮ.

ದಿಸ್ಕಿತ್‌ನಲ್ಲಿ 32 ಮೀಟರ್ ಎತ್ತರದ ಮೈತ್ರೇಯ ಬುದ್ಧ ಶ್ಯೋಕ್ ನದಿಯ ಕಡೆ ಮುಖ ಮಾಡಿ ಕೂತಿದ್ದಾನೆ. ಹುಂಡರ್‌ನಲ್ಲಿ ಮರಳ ದಿಬ್ಬಗಳು, ಎರಡು ಡುಬ್ಬದ ಒಂಟೆಗಳು. ಮಧ್ಯ ಏಷ್ಯಾದ ಜೊತೆ ವ್ಯಾಪಾರ ನಡೆಯುತ್ತಿದ್ದ ಕಾಲದಲ್ಲಿ ಸಾಮಾನು ಹೊರುತ್ತಿದ್ದ ಒಂಟೆಗಳ ಸಂತತಿ ಅವು. ಸಂಜೆ ಸವಾರಿಗೆ ಜಾತ್ರೆಯಷ್ಟು ಜನ. ಬೆಳಿಗ್ಗೆ ಬೇಗ ಎದ್ದು ದಿಬ್ಬದ ಮೇಲೆ ಸುಮ್ನೆ ನಡೆದು ಬನ್ನಿ, ಅದು ಬಿಟ್ಟಿ.

ಆರನೇ ದಿನ ತುರ್ತುಕ್. 1971ರ ಯುದ್ಧದಲ್ಲಿ ಭಾರತಕ್ಕೆ ಸೇರಿದ, ಬಾಲ್ಟಿ ಜನರ ಹಳ್ಳಿ ಅದು. ಊಟ, ಭಾಷೆ, ಮನೆಗಳು ಎಲ್ಲ ಬೇರೆ. ಎತ್ತರ ಇನ್ನೂ ಕಡಿಮೆ, ಹಾಗಾಗಿ ಹಣ್ಣಿನ ಮರಗಳು ತುಂಬಿವೆ. ಜುಲೈ, ಆಗಸ್ಟ್‌ನಲ್ಲಿ ಮಾಡಿನ ಮೇಲೆಲ್ಲ ಏಪ್ರಿಕಾಟ್ ಒಣಗಲು ಹಾಕಿರುತ್ತಾರೆ. ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ಕೇಳಿದಾಗ ಬೇಡ ಅಂದರೆ ಬಿಟ್ಟುಬಿಡಿ. ಗಡಿ ಹತ್ತಿರ ಇರುವುದರಿಂದ ಸೇನೆಯ ಸೇತುವೆ, ಕ್ಯಾಂಪ್‌ಗಳ ಕಡೆ ಕ್ಯಾಮೆರಾ ತಿರುಗಿಸುವುದೂ ಬೇಡ.

ಏಳನೇ ದಿನ: ಪ್ಯಾಂಗಾಂಗ್

ನುಬ್ರಾದಿಂದ ಶ್ಯೋಕ್ ನದಿಯ ಪಕ್ಕದ ರಸ್ತೆ ಹಿಡಿದರೆ ಲೇಹ್‌ಗೆ ವಾಪಸ್ ಹೋಗದೆ ಪ್ಯಾಂಗಾಂಗ್ ತಲುಪಬಹುದು. ಐದಾರು ಗಂಟೆ. ಬೆಳಿಗ್ಗೆ ಆರಕ್ಕೆಲ್ಲ ಹೊರಡಿ. ಬಿಸಿಲೇರಿದಂತೆ ಮೇಲೆ ಹಿಮ ಕರಗಿ, ರಸ್ತೆಗೆ ಅಡ್ಡ ಬರುವ ತೊರೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರು ಏರುತ್ತದೆ. ಬೈಕಿನವರು ಇದನ್ನು ಮರೆಯಲೇಬಾರದು.

ಸರೋವರ ಸುಮಾರು 4,250 ಮೀಟರ್ ಎತ್ತರದಲ್ಲಿದೆ. ಉದ್ದ ಸುಮಾರು 134 ಕಿ.ಮೀ., ಅದರಲ್ಲಿ ಮೂರನೇ ಒಂದು ಭಾಗದಷ್ಟು ನಮ್ಮ ಕಡೆ. ನೀರು ಉಪ್ಪು, ಆದರೂ ಚಳಿಗಾಲದಲ್ಲಿ ಪೂರ್ತಿ ಹೆಪ್ಪುಗಟ್ಟುತ್ತದೆ. ಬಣ್ಣ ಗಂಟೆಗೊಮ್ಮೆ ಬದಲಾಗುತ್ತದೆ ಅನ್ನುವುದು ಉತ್ಪ್ರೇಕ್ಷೆ ಅಲ್ಲ, ಮೋಡ ಬಂದರೆ ಸಾಕು. ಸಿನಿಮಾ ಶೂಟಿಂಗ್ ಆದ ಜಾಗದಲ್ಲಿ ಬಣ್ಣದ ಸ್ಕೂಟರ್, ಕುರ್ಚಿಗಳ ಮುಂದೆ ನೂಕುನುಗ್ಗಲು. ಅದನ್ನು ದಾಟಿ ಮಾನ್, ಮೆರಾಕ್ ಹಳ್ಳಿಗಳ ಕಡೆ ಹೋಗಿ.

ಅಲ್ಲೇ ಮಲಗಬೇಕೇ? ಹುಂಡರ್‌ನ 3,100ರಿಂದ ಒಂದೇ ದಿನದಲ್ಲಿ ಸಾವಿರ ಮೀಟರ್ ಮೇಲೆ ಮಲಗುತ್ತೀರಿ, ನಿಯಮದ ಎರಡರಷ್ಟು. ಹಿಂದಿನ ಆರು ದಿನ ತಲೆನೋವಿಲ್ಲದೆ ಕಳೆದಿದ್ದರೆ ಹೆಚ್ಚಿನವರು ಹೇಗೋ ನಿಭಾಯಿಸುತ್ತಾರೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಸ್ವಲ್ಪ ಕೆಳಗಿರುವ ತಾಂಗ್ಸೆಯಲ್ಲಿ ಉಳಿದು, ಬೆಳಿಗ್ಗೆ ಸರೋವರಕ್ಕೆ ಹೋಗಿ ಬನ್ನಿ. ದಡದ ಟೆಂಟ್‌ಗಳಲ್ಲಿ ರಾತ್ರಿ ಗಾಳಿ ಜೋರು, ಜುಲೈನಲ್ಲೂ ದಪ್ಪ ಜಾಕೆಟ್ ಬೇಕು. ರಾತ್ರಿ ಯಾರಿಗಾದರೂ ಹೆಚ್ಚುಕಡಿಮೆ ಆದರೆ ಲೇಹ್‌ಗೆ ಬರಲು 5,300 ಮೀಟರ್ ದಾಟಿದ ಚಾಂಗ್ ಲಾ ಹತ್ತಿ ಇಳಿಯಬೇಕು ಅನ್ನುವುದು ತಲೆಯಲ್ಲಿರಲಿ.

ಇನ್ನೂ ದಿನ ಇದ್ದರೆ: ಹಾನ್ಲೆ, ತ್ಸೋ ಮೊರಿರಿ

ಇದು ಚಾಂಗ್‌ತಾಂಗ್ ಪ್ರಸ್ಥಭೂಮಿ. ಪಶ್ಮೀನಾ ಮೇಕೆ ಸಾಕುವ ಚಾಂಗ್ಪಾ ಜನರ ನಾಡು. ಕಿಯಾಂಗ್ ಅನ್ನುವ ಕಾಡು ಕತ್ತೆಗಳು ರಸ್ತೆಯ ಪಕ್ಕದಲ್ಲೇ ಮೇಯುತ್ತಿರುತ್ತವೆ. ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗಬೇಡಿ. ಅಷ್ಟು ತೆಳು ಗಾಳಿಯಲ್ಲಿ ಓಡುವುದು ಅವಕ್ಕೂ ಶ್ರಮ. ತ್ಸೋ ಮೊರಿರಿ 4,500 ಮೀಟರ್ ಎತ್ತರದಲ್ಲಿದೆ, ಬೇಸಿಗೆಯಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಇಲ್ಲಿ ಮರಿ ಮಾಡುತ್ತವೆ. ಲಡಾಖ್‌ನ ಪಕ್ಷಿ ಅಂತ ಗುರುತಿಸಿರುವ ಕಪ್ಪು ಕತ್ತಿನ ಕೊಕ್ಕರೆಯೂ ಕಾಣಬಹುದು. ಬೈನಾಕ್ಯುಲರ್ ತನ್ನಿ, ದೂರದಿಂದ ನೋಡಿ.

ಹಾನ್ಲೆಗೆ ಹೋಗುವುದು ಆಕಾಶಕ್ಕಾಗಿ. ಅಲ್ಲಿನ ಗುಡ್ಡದ ಮೇಲೆ 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಗೋಳ ವೀಕ್ಷಣಾಲಯ ಇದೆ, ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅಲ್ಲಿರುವ, ವಿಜ್ಞಾನಿ ಎಸ್. ಚಂದ್ರಶೇಖರ್ ಹೆಸರಿನ ಎರಡು ಮೀಟರ್ ವ್ಯಾಸದ 'ಚಂದ್ರ' ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತು! 2022ರಲ್ಲಿ ಹಾನ್ಲೆ ಸುತ್ತಲಿನ ಪ್ರದೇಶವನ್ನು ಕತ್ತಲೆ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು, ದೇಶದಲ್ಲಿ ಅದೇ ಮೊದಲು. ಹಳ್ಳಿಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟಿದ್ದಾರೆ, ಅವರೇ ಟೆಲಿಸ್ಕೋಪ್ ಇಟ್ಟು ತೋರಿಸುತ್ತಾರೆ. ಅಮಾವಾಸ್ಯೆಯ ಆಸುಪಾಸಿನ ದಿನ ಹಿಡಿಯಿರಿ. ಹುಣ್ಣಿಮೆಗೆ ಹೋದರೆ ಅಷ್ಟು ದೂರ ಹೋದದ್ದು ದಂಡ. ಬಿಳಿ ಟಾರ್ಚ್ ಹೊತ್ತಿಸಬೇಡಿ, ಕೆಂಪು ಬೆಳಕಿನದ್ದು ತನ್ನಿ, ಗಾಡಿಯ ಹೆಡ್‌ಲೈಟ್ ಆರಿಸಿ.

ಬ್ಯಾಗು, ಗಾಡಿ, ನೀರು

ಹೊರಗಿನಿಂದ ತಂದ ಬಾಡಿಗೆ ಬೈಕ್, ಟ್ಯಾಕ್ಸಿಗಳಲ್ಲಿ ಲೇಹ್ ಸುತ್ತಮುತ್ತ ತಿರುಗಲು ಸ್ಥಳೀಯ ಯೂನಿಯನ್ ಬಿಡುವುದಿಲ್ಲ. ಸ್ವಂತ ಗಾಡಿಗೆ ತೊಂದರೆ ಇಲ್ಲ. ಉಳಿದವರು ಲೇಹ್‌ನಲ್ಲೇ ಬಾಡಿಗೆಗೆ ಹಿಡಿಯಬೇಕು. ಟ್ಯಾಕ್ಸಿಗೆ ಯೂನಿಯನ್ನಿನ ದರಪಟ್ಟಿ ಇದೆ, ಅದನ್ನು ನೋಡಿಯೇ ಮಾತಾಡಿ. ಪೆಟ್ರೋಲ್ ಬಂಕ್ ಕಂಡಲ್ಲಿ ಟ್ಯಾಂಕ್ ತುಂಬಿಸಿ, ಮುಂದಿನದು ಎಲ್ಲಿ ಅನ್ನುವ ಜೂಜು ಬೇಡ.

ಬಟ್ಟೆ ಒಂದೇ ದಪ್ಪ ಕೋಟಿನ ಬದಲು ಪದರ ಪದರವಾಗಿ ಇರಲಿ. ಬಿಸಿಲಲ್ಲಿ ಬೆವರು, ಮೋಡ ಬಂದರೆ ನಡುಕ, ಐದೇ ನಿಮಿಷದ ಅಂತರ. ಎತ್ತರ ಏರಿದಂತೆ ನೇರಳಾತೀತ ಕಿರಣ ಜಾಸ್ತಿ, ಆದ್ದರಿಂದ ಸನ್‌ಸ್ಕ್ರೀನ್, ಅಗಲ ಟೋಪಿ, ಒಳ್ಳೆಯ ಕೂಲಿಂಗ್ ಗ್ಲಾಸ್ ಬೇಕು. ಗಾಳಿ ಎಷ್ಟು ಒಣ ಅಂದರೆ ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರಬಹುದು. ಒಂದು ಪುಟ್ಟ ಡಬ್ಬಿ ವ್ಯಾಸಲಿನ್ ಎರಡಕ್ಕೂ ಆಗುತ್ತದೆ. ಪವರ್‌ಬ್ಯಾಂಕ್‌ಗಳನ್ನು ರಾತ್ರಿ ರಜಾಯಿ ಒಳಗೆ ಇಟ್ಟುಕೊಳ್ಳಿ, ಚಳಿಗೆ ಚಾರ್ಜ್ ಬೇಗ ಇಳಿಯುತ್ತದೆ.

ಇದು ಮರುಭೂಮಿ ಅನ್ನುವುದು ಹೋಟೆಲಿನ ನಲ್ಲಿ ತಿರುಗಿಸುವಾಗ ಮರೆತುಹೋಗುತ್ತದೆ. ಬರುವ ನೀರು ಹಿಮ ಕರಗಿದ್ದು ಅಥವಾ ಬೋರ್‌ವೆಲ್‌ನದ್ದು. ಅದೇ ನೀರು ಹೊಲಕ್ಕೂ ಬೇಕು. ಬಕೆಟ್ ಸ್ನಾನ ಸಾಕು. ಹಳ್ಳಿ ಮನೆಗಳಲ್ಲಿ ನೀರಿಲ್ಲದ ಒಣ ಪಾಯಿಖಾನೆ ಇರುತ್ತದೆ, ಮಣ್ಣು ಎಳೆದು ಮುಚ್ಚಿದರೆ ಮುಗಿಯಿತು. ಅದೇ ಮುಂದೆ ಹೊಲಕ್ಕೆ ಗೊಬ್ಬರ. ಅದರೊಳಗೆ ಪ್ಲಾಸ್ಟಿಕ್, ಪ್ಯಾಡ್, ವೆಟ್ ಟಿಶ್ಯೂ ಹಾಕಬೇಡಿ. ಬಾಟಲಿ ನೀರು ಕೊಳ್ಳುವ ಬದಲು ಸ್ಟೀಲ್ ಬಾಟಲಿ ಒಯ್ಯಿರಿ, ಕುದಿಸಿ ಆರಿಸಿದ ನೀರು ಕೇಳಿದರೆ ಕೊಡುತ್ತಾರೆ.

ಕೊನೆಯ ದಿನ ಖಾಲಿ ಇರಲಿ

ಪ್ಯಾಂಗಾಂಗ್‌ನಿಂದ ಬಂದ ಮರುದಿನ ಬೆಳಿಗ್ಗೆಯೇ ವಿಮಾನ ಅಂತ ಟಿಕೆಟ್ ಮಾಡಬೇಡಿ. ಚಾಂಗ್ ಲಾದಲ್ಲಿ ಹಿಮ ಬಿದ್ದರೆ, ರಸ್ತೆ ಕುಸಿದರೆ ಒಂದು ದಿನ ಹೋದಂತೆಯೇ. ಲೇಹ್‌ನಿಂದ ಹೊರಡುವ ವಿಮಾನಗಳೂ ಹವಾಮಾನ ಕೆಟ್ಟರೆ ರದ್ದಾಗುತ್ತವೆ. ದೆಹಲಿಯಿಂದ ಬೆಂಗಳೂರಿನ ವಿಮಾನಕ್ಕೂ ನಡುವೆ ಸಾಕಷ್ಟು ಗಂಟೆ ಬಿಡಿ, ಸಾಧ್ಯವಾದರೆ ಎರಡನ್ನೂ ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ಆಗ ಮೊದಲನೆಯದು ತಡವಾದರೆ ಮುಂದಿನದರ ವ್ಯವಸ್ಥೆ ಕಂಪನಿಯ ತಲೆನೋವು.

ಎಲ್ಲ ಸಲೀಸಾಗಿ ನಡೆದು ಆ ದಿನ ಉಳಿದರೆ, ವಿಮಾನ ನಿಲ್ದಾಣದ ಹತ್ತಿರವೇ ಸೇನೆಯ ಹಾಲ್ ಆಫ್ ಫೇಮ್ ಮ್ಯೂಸಿಯಂ ಇದೆ. ಅಥವಾ ನದಿಯ ಆಚೆ ದಡದ ಸ್ತೋಕ್ ಹಳ್ಳಿಗೆ ಹೋಗಿ, ಅಲ್ಲಿನ ಅರಮನೆ ನೋಡಿ, ಕಾಲುವೆಯ ಪಕ್ಕದ ದಾರಿಯಲ್ಲಿ ನಡೆಯಿರಿ. ಎರಡನೇ ದಿನ ಬೇಡ ಅಂದಿದ್ದ ಶಾಂತಿ ಸ್ತೂಪದ ಮೆಟ್ಟಿಲುಗಳನ್ನು ಈಗ ಹತ್ತಬಹುದು.